ಸುದ್ದಿ ಮುಟ್ಟಲಿ, ತಂತಿ ಮುಟ್ಟದಿರಲಿ

(ತಿಪಟೂರಿನ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಎಲ್ಲೆಲ್ಲೂ ವಾರ್ನಿಷ್ ವಾಸನೆ. ರುದ್ರಣ್ಣ ಸುಟ್ಟ ಮೋಟಾರಿನಿಂದ ಕಪ್ಪಾದ ತಾಮ್ರದ ತಂತಿ ಕೀಳುತ್ತಿದ್ದಾನೆ. ಅಕ್ಕನ ಮಗ ಮಂಜ, ಇಂಜಿನಿಯರಿಂಗ್ ವಿದ್ಯಾರ್ಥಿ, ಲ್ಯಾಪ್‌ಟಾಪ್ ಹಿಡಿದು ಬರುತ್ತಾನೆ.)

ಮಂಜ: ಮಾವ, ಒಂದು ಪ್ಲಗ್ ಪಾಯಿಂಟ್ ಕೊಡಿ. ವೋಲ್ಟೇಜ್ ಅಳೀಬೇಕು.

ರುದ್ರಣ್ಣ: ಮೀಟರ್ ಅಲ್ಲೇ ನೇತಾಡ್ತಿದೆ, ತಗೋ.

ಮಂಜ: ಮೀಟರಲ್ಲ, ಈ ಆರ್ಡುಯಿನೊ ಬೋರ್ಡಲ್ಲಿ. ತೋಟದಲ್ಲಿ ವೋಲ್ಟೇಜ್ 180ಕ್ಕೆ ಇಳಿದ್ರೆ ಅಪ್ಪನ ಫೋನಿಗೆ ಮೆಸೇಜ್ ಹೋಗುತ್ತೆ. ತಕ್ಷಣ ಆಫ್ ಮಾಡಿದ್ರೆ, ಮೋಟಾರ್ ಜಾಸ್ತಿ ಆಂಪ್ಸ್ ಎಳೆದು ಸುಡೋ ಪ್ರಶ್ನೆನೇ ಇಲ್ಲ.

ರುದ್ರಣ್ಣ: ನನ್ನ ಅಂಗಡೀಲೇ ಕೂತು ನನ್ನ ಅಂಗಡಿ ಮುಚ್ಚಿಸೋ ಪ್ರಾಜೆಕ್ಟು! ಭೇಷ್. ಎಲ್ಲಿ, ತೋರಿಸು.

ಮಂಜ: ಈ ಎರಡು ರೆಸಿಸ್ಟರ್ 230ನ್ನ 2 ವೋಲ್ಟಿಗೆ ಇಳಿಸುತ್ತೆ. ನ್ಯೂಟ್ರಲ್ಲೇ ಬೋರ್ಡಿನ ಗ್ರೌಂಡು. ಅಲ್ಲಿಂದ ಯುಎಸ್‌ಬಿ ವೈರು ಲ್ಯಾಪ್‌ಟಾಪಿಗೆ.

ರುದ್ರಣ್ಣ: ಪ್ಲಗ್ಗಿಗೆ ಎಷ್ಟು ಪಿನ್ನು?

ಮಂಜ: ಎರಡು.

ರುದ್ರಣ್ಣ: ತಿರುಗಿಸಿ ಚುಚ್ಚಿದ್ರೆ?

ಮಂಜ: (ತಡವರಿಸಿ) ಗ್ರೌಂಡಿಗೆ ಫೇಸ್ ಬರುತ್ತೆ.

ರುದ್ರಣ್ಣ: ಗ್ರೌಂಡಿಂದ ಯುಎಸ್‌ಬಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ನಿನ್ನ ಬೆರಳಿಗೆ. ಆಮೇಲೆ ನಿಮ್ಮಪ್ಪಂಗೆ ಮೆಸೇಜ್ ಕಳಿಸಬೇಕಾದೋನು ನಾನು. ಅದೂ ಮಾತು ಬಿಟ್ಟಿರೋ ಭಾವಂಗೆ!

ಮಂಜ: ಪ್ಲಗ್ ಸರಿಯಾಗೇ ಹಾಕ್ತೀನಿ ಬಿಡಿ.

ರುದ್ರಣ್ಣ: ನೀನೇನೋ ಹಾಕ್ತೀಯ. ಕಂಬದ ಹತ್ರ ನ್ಯೂಟ್ರಲ್ ಕಿತ್ತು ಹೋದ್ರೆ? ಆಗ ನ್ಯೂಟ್ರಲ್ ತಂತೀನೂ ಹೊಡೆಯುತ್ತೆ.

ಮಂಜ: ಮತ್ತೆ ಅಳೆಯೋದು ಹೇಗೆ?

ರುದ್ರಣ್ಣ: ಬದುವಿನ ಜಗಳ ಆದಾಗಿಂದ ನಿಮ್ಮಪ್ಪನ ಮುಖ ನಾನು ನೋಡಿಲ್ಲ. ಆದ್ರೂ ಅಲ್ಲಿ ಬೈದದ್ದು ನನಗೆ ತಲುಪದೆ ಇರುತ್ತಾ?

ಮಂಜ: ಅಮ್ಮ ಬಂದು ಹೇಳ್ತಾಳೆ.

ರುದ್ರಣ್ಣ: ನಿಮ್ಮಪ್ಪ ಬೈಯೋದು 230ರಲ್ಲಿ, ಅಕ್ಕ ತಂದು ಹೇಳೋದು 9ರಲ್ಲಿ. ಅಲ್ಲಿ ಕೂಗಾಟ ಏರಿದ ದಿನ ಇವಳ ದನೀನೂ ಅದೇ ಲೆಕ್ಕದಲ್ಲಿ ಏರುತ್ತೆ. ನನಗೆ ಅಷ್ಟು ಸಾಕು. ತಗೋ ಈ 9 ವೋಲ್ಟಿನ ಟ್ರಾನ್ಸ್‌ಫಾರ್ಮರ್. ಈ ಕಡೆ ಸುರುಳಿ ಬೇರೆ, ಆ ಕಡೆ ಸುರುಳಿ ಬೇರೆ. ತಂತಿಗೆ ತಂತಿ ಸೇರೋದೇ ಇಲ್ಲ, ಮಧ್ಯೆ ಓಡಾಡೋದು ಬರೀ ಕಾಂತಶಕ್ತಿ.

ಮಂಜ: 9 ಅಂದ್ರೂ ತುದಿ ಸುಮಾರು 13 ಮುಟ್ಟುತ್ತೆ, ಮೈನಸ್ಸಿಗೂ ಇಳಿಯುತ್ತೆ. ಬೋರ್ಡಿನ ಪಿನ್ನಿಗೆ 0ಯಿಂದ 5ರೊಳಗೇ ಬೇಕು ಮಾವ.

ರುದ್ರಣ್ಣ: ನಿನ್ನ ರೆಸಿಸ್ಟರು ಈಗ ಹಾಕು, ಈ ಕಡೆ.

ಮಂಜ: ಸರಿ. ಒಂದೂವರೆಗೆ ಇಳಿಸಿ, ಬೋರ್ಡಿನ 5 ವೋಲ್ಟನ್ನ ಸಮಪಾಲು ಮಾಡಿ ಎರಡೂವರೆ ಮೇಲೆ ಕೂರಿಸ್ತೀನಿ. 1ರಿಂದ 4ರ ಮಧ್ಯೆ ಕುಣೀತಾ ಇರುತ್ತೆ.

ರುದ್ರಣ್ಣ: ಕುಣೀಲಿ. ನನ್ನ ಮೀಟರ್ ಪಕ್ಕದಲ್ಲಿಟ್ಟು ಲೆಕ್ಕ ಹೊಂದಿಸ್ಕೋ. ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರೋ 9ನ್ನ ನಂಬಬೇಡ, ಲೋಡಿಲ್ಲದಾಗ ಅದು ಜಾಸ್ತಿನೇ ಕೊಡುತ್ತೆ.

ಮಂಜ: ಜೆಡ್‌ಎಂಪಿಟಿ101ಬಿ ಅಂತ ರೆಡಿ ಮಾಡ್ಯೂಲೇ ಸಿಗುತ್ತಂತೆ.

ರುದ್ರಣ್ಣ: ಅದರ ಹೊಟ್ಟೇಲೂ ಪುಟ್ಟ ಟ್ರಾನ್ಸ್‌ಫಾರ್ಮರೇ ಕಣೋ. ಆದ್ರೆ ಸ್ಕ್ರೂ ಇರೋ ಕಡೆ 230 ಬರಿಮೈಲಿ ಕೂತಿರುತ್ತೆ. ಡಬ್ಬಿಯೊಳಗೆ ಹಾಕಿ ಮುಚ್ಚದೆ ಪ್ಲಗ್ ಚುಚ್ಚಬೇಡ.

ಮಂಜ: ಮಾವ, ಮಧ್ಯದಲ್ಲಿರೋ ಅಮ್ಮಂಗೇ ತಲೆ ಬಿಸಿಯಾದ್ರೆ?

ರುದ್ರಣ್ಣ: ಅದಕ್ಕೇ ನಿಮ್ಮಪ್ಪನ ಕಡೆ ಒಂದು ಫ್ಯೂಸ್ ಹಾಕೋದು.