ಇಪ್ಪೋ ಎತ್ತುಂ!

ಕೊಚ್ಚಿಯಲ್ಲಿ ಎರಡನೇ ಮಹಡಿಗೂ ಲಿಫ್ಟ್ ಹುಡುಕುವ ನಾನು, 1,868 ಮೀಟರ್ ಎತ್ತರದ ಅಗಸ್ತ್ಯಕೂಡಂ ಹತ್ತಲು ಹೊರಟಿದ್ದು ಹೆಂಡತಿಗೆ ಆ ವರ್ಷದ ದೊಡ್ಡ ಜೋಕು. ತಿರುವನಂತಪುರಕ್ಕೆ ರೈಲು, ಬೋಣಕ್ಕಾಡಿಗೆ ಬಸ್ಸು. ಅಲ್ಲಿಯವರೆಗೆ ಗುಂಪಿನಲ್ಲಿ ನನ್ನಂಥ ಗಟ್ಟಿಗ ಇರಲಿಲ್ಲ. ಆಮೇಲೆ ಕಾಲಿಗೆ ಕೆಲಸ ಬಿತ್ತು.

‘ಇನ್ನೆಷ್ಟು ದೂರ?’ ಎಂದಾಗಲೆಲ್ಲ ಗೈಡ್ ಚೇಟ್ಟನದು (ಅಣ್ಣನದು) ಒಂದೇ ಉತ್ತರ: ‘ಇಪ್ಪೋ ಎತ್ತುಂ.’ ಮಲಯಾಳಂನಲ್ಲಿ ಈಗ ತಲುಪುತ್ತೇವೆ ಅಂತ ಅರ್ಥವಂತೆ. ನನ್ನ ಕನ್ನಡ ಕಿವಿಗೆ ಮಾತ್ರ ಯಾರೋ ಎತ್ತಿಕೊಳ್ಳಲು ಬರುತ್ತಿದ್ದಾರೆ ಎಂದೇ ಕೇಳಿಸಿ, ಎರಡು ಸಲ ಕೈ ಚಾಚಿ ನಿಂತೆ!

ಅತಿರುಮಲ ಕ್ಯಾಂಪಿನಲ್ಲಿ ಗಂಜಿ. ಮನೆಯಲ್ಲಿ ಜ್ವರ ಬಂದರೂ ಮುಟ್ಟದವನು ಮೂರು ಸಲ ಬಡಿಸಿಕೊಂಡೆ. ಶಿಖರ ಮರುದಿನಕ್ಕೆ. ಬೆಳಿಗ್ಗೆ ಚೇಟ್ಟ ಎಬ್ಬಿಸಿದಾಗ ಹೊದಿಕೆಯೊಳಗಿಂದಲೇ ಅಂದೆ: ‘ನೀವು ನಡೀರಿ, ಇಪ್ಪೋ ಎತ್ತುಂ.’