ಎರಡನೇ ಸಲದ ಮೊದಲ ಪಾಠ: ಶಿಕಾರಿಪುರ-ಸೊರಬ ಸೀಮೆಯ ಸಂಖ್ಯಾಶಾಸ್ತ್ರ ವ್ಯಾಸಂಗ ಕುರಿತೊಂದು ಪ್ರೌಢ ಜಿಜ್ಞಾಸೆ

ಸಂಖ್ಯಾಶಾಸ್ತ್ರದ ಪ್ರವೇಶಿಕೆಯನ್ನು ಒಮ್ಮೆ ಓದಿ ಪಾಸಾದವನು ಅದೇ ಪ್ರವೇಶಿಕೆಯನ್ನು ವಿಶ್ವವಿದ್ಯಾಲಯದಲ್ಲಿ ಇನ್ನೊಮ್ಮೆ ಓದತಕ್ಕದ್ದೆ? ಓದಿದರೆ ಅದು ಪ್ರವೇಶವೋ, ಒಳಗಿದ್ದವನು ಹೊರಬಂದು ಮತ್ತೆ ಬಾಗಿಲು ತಟ್ಟುವ ವಿಧಿಯೋ? ಈ ಗಹನವಾದ ಪ್ರಶ್ನೆಯನ್ನು ಹಿಂದಿನ ವಿದ್ವಾಂಸರು ಮುಟ್ಟಿಲ್ಲ. ಅವರಲ್ಲಿ ಹೆಚ್ಚಿನವರು ಪಿಯುಸಿಯಲ್ಲಿ ಆರ್ಟ್ಸ್ ತೆಗೆದುಕೊಂಡಿದ್ದರೆಂಬುದೇ ಇದಕ್ಕೆ ಕಾರಣವಿರಬೇಕು. ಪ್ರಸ್ತುತ ಪ್ರಬಂಧಕಾರನು ಆ ಕೊರತೆ ತುಂಬುವ ಸಲುವಾಗಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಅಧ್ಯಯನ ಕ್ಷೇತ್ರವಾಗಿ ಆರಿಸಿಕೊಂಡಿದ್ದಾನೆ. ಆಯ್ಕೆ ಯಾದೃಚ್ಛಿಕವೇ ಎಂದು ಕೇಳಬಾರದು. ಪ್ರಬಂಧಕಾರನ ಮಾವನ ಮನೆ ಆನವಟ್ಟಿಯಲ್ಲಿದೆ, ಊಟಕ್ಕೆ ಖರ್ಚಿಲ್ಲ. ಪಠ್ಯಪುಸ್ತಕಗಳು ಇದನ್ನು ಅನುಕೂಲದ ಸ್ಯಾಂಪಲ್ ಎಂದು ಕರೆದು, ಇದನ್ನು ನಂಬಬೇಡಿ ಎನ್ನುತ್ತವೆ. ಇದನ್ನು ಬಳಸದ ಥೀಸಿಸ್ ಎಲ್ಲಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಮೊದಲು ಐತಿಹಾಸಿಕ ಹಿನ್ನೆಲೆ. ಹಿನ್ನೆಲೆಯಿಲ್ಲದ ಪ್ರಬಂಧವನ್ನು ಗೈಡ್ ಮುಟ್ಟುವುದಿಲ್ಲ.

ಊರಲ್ಲಿ ಓದಿದ್ದು ಸಾಲದೆಂದು ಮತ್ತೆ ಓದಲು ಹೊರಟವರಲ್ಲಿ ದಾಖಲೆ ಸಿಗುವ ಹಳಬನೊಬ್ಬ ಇದೇ ಶಿಕಾರಿಪುರ ತಾಲ್ಲೂಕಿನವನು. ತಾಳಗುಂದದ ಪ್ರಣವೇಶ್ವರ ಗುಡಿಯ ಎದುರಿನ ಕಂಬದ ಮೇಲೆ, ಐದನೇ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನ ಆ ಕತೆ ಹೇಳುತ್ತದೆ. ಮಯೂರಶರ್ಮನದು ವೇದಾಧ್ಯಯನದ ಮನೆತನ. ಅಷ್ಟಾದರೂ ಅವನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ಓದು ಅಲ್ಲಿಗೇ ನಿಂತು ಕತ್ತಿ ಕೈಗೆ ಬಂತು, ಕದಂಬ ರಾಜ್ಯ ಹುಟ್ಟಿತು. ಇದರಿಂದ ಪ್ರಬಂಧಕಾರನು ತನ್ನ ಪ್ರಥಮ ಪ್ರಮೇಯವನ್ನು ಮಂಡಿಸುತ್ತಾನೆ: ಎರಡನೇ ಸಲದ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟವನಿಗೆ ರಾಜ್ಯಪ್ರಾಪ್ತಿಯಾಗುತ್ತದೆ. ಸ್ಯಾಂಪಲ್ ಗಾತ್ರ 1.

ಆಕ್ಷೇಪ: ಅದೇ ಕಂಚಿಗೆ ಹೋಗಿ, ಯಾರ ಜೊತೆಯೂ ಜಗಳವಾಡದೆ ಓದು ಮುಗಿಸಿ, ಊರಿಗೆ ಬಂದು ಗದ್ದೆ ನೋಡಿಕೊಂಡವರ ಲೆಕ್ಕವೆಲ್ಲಿ?

ಸಮಾಧಾನ: ಅವರಿಗೆ ಯಾರೂ ಕಂಬ ನಿಲ್ಲಿಸಲಿಲ್ಲ. ಗೆದ್ದವರ ದಾಖಲೆ ಮಾತ್ರ ಉಳಿಯುವುದರಿಂದ ಲೆಕ್ಕ ತಪ್ಪುತ್ತದೆಂದು ಶಾಸ್ತ್ರ ಎಚ್ಚರಿಸುತ್ತದೆ, ನಿಜ. ಆದರೆ ಟ್ಯೂಷನ್ ಸೆಂಟರಿನ ಫ್ಲೆಕ್ಸ್ ಮೇಲೆ ಫೇಲಾದವರ ಫೋಟೋ ಹಾಕುವ ದಿನ ಬರುವವರೆಗೆ ಈ ಆಕ್ಷೇಪವನ್ನು ಪ್ರಬಂಧಕಾರನು ಪುರಸ್ಕರಿಸಲಾರ.

ಬಳ್ಳಿಗಾವಿಯ ಕೋಡಿಮಠದ 1162ರ ಶಾಸನವನ್ನೂ ಇಲ್ಲಿ ನೆನೆಯಬೇಕು. ಆ ಮಠದಲ್ಲಿ ಕಲಿಸುತ್ತಿದ್ದ ವಿಷಯಗಳ ಉದ್ದನೆಯ ಪಟ್ಟಿ ಅದರಲ್ಲಿದೆ. ವ್ಯಾಕರಣ ಒಂದಕ್ಕೇ ಕೌಮಾರ, ಪಾಣಿನೀಯ, ಶಾಕಟಾಯನ ಎಂದು ಮೂರು ಬಾಗಿಲು. ಒಂದೇ ವಿಷಯಕ್ಕೆ ಮೂರು ಸಲ ಪ್ರವೇಶ ಮಾಡಿಸುವ ಪದ್ಧತಿ ಹನ್ನೆರಡನೇ ಶತಮಾನದಲ್ಲೇ ಈ ಸೀಮೆಯಲ್ಲಿತ್ತೆಂದು ಇದರಿಂದ ಸಿದ್ಧವಾಯಿತು. ಹಸಿದವರಿಗೆ ಊಟ, ರೋಗಿಗಳಿಗೆ ಔಷಧವೂ ಅಲ್ಲೇ ಸಿಗುತ್ತಿತ್ತು. ಇಂದಿನ ವಿದ್ಯಾರ್ಥಿಗೆ ಈ ಎರಡು ಸೌಲಭ್ಯಗಳಿಲ್ಲ, ಬಾಗಿಲುಗಳು ಮಾತ್ರ ಹೆಚ್ಚಾಗಿವೆ.

ಬಾಗಿಲುಗಳನ್ನು ಎಣಿಸೋಣ. ಎಸ್ಸೆಸ್ಸೆಲ್ಸಿ ಗಣಿತದಲ್ಲೇ ಸರಾಸರಿ, ಮಧ್ಯಾಂಕ, ಬಹುಲಕ ಎಲ್ಲ ಆಗಿರುತ್ತದೆ. ಪಿಯುಸಿ ಕಾಮರ್ಸಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡರೆ ಮತ್ತೆ ಸರಾಸರಿ. ಬಿಕಾಂನಲ್ಲಿ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್. ಮೊದಲ ಯೂನಿಟ್, ಸರಾಸರಿ. ಬಿಎಡ್‌ಗೆ ಹೋದರೆ ಮೌಲ್ಯಮಾಪನದ ಹೆಸರಿನಲ್ಲಿ ಸರಾಸರಿ. ಇದೆಲ್ಲದರಿಂದ ತಪ್ಪಿಸಿಕೊಂಡು ಕನ್ನಡ ಎಂಎ ಮಾಡಿ, ಶಿಕಾರಿಪುರದ ಪಕ್ಕದ ಉಡುತಡಿಯ ಅಕ್ಕಮಹಾದೇವಿಯ ಮೇಲೆ ಪಿಎಚ್‌ಡಿ ಮಾಡುತ್ತೇನೆಂದು ಹೊರಟವನಿಗೂ ಬಿಡುಗಡೆಯಿಲ್ಲ. ಯುಜಿಸಿ 2009ರ ನಿಯಮಾವಳಿಯಲ್ಲಿ ಪಿಎಚ್‌ಡಿಗೆ ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. ಅದರ ಸಂಶೋಧನಾ ವಿಧಾನದ ಪೇಪರಿನಲ್ಲಿ ಹಳೆಯ ಸರಾಸರಿ ಮಾನಕ ವಿಚಲನೆಯನ್ನು ಕೈಹಿಡಿದುಕೊಂಡು ಬಂದು ನಿಲ್ಲುತ್ತದೆ. ಕದಳಿಗೆ ಹೊರಟ ಅಕ್ಕನ ವಿಚಲನೆ ಎಷ್ಟೆಂದು ವೈವಾದಲ್ಲಿ ಇನ್ನೂ ಯಾರೂ ಕೇಳಿದಂತಿಲ್ಲ. ಕೇಳುವವರು ಬಂದೇ ಬರುತ್ತಾರೆ.

ಎರಡನೇ ಸಲವೂ ಅದೇ ಪಾಠವೆಂದು ದೂರುವವರು ಒಂದು ಸೂಕ್ಷ್ಮ ಗಮನಿಸಿಲ್ಲ. ಪಾಠ ಬದಲಾದರೂ ಆಗಬಹುದು, ಲೆಕ್ಕದೊಳಗಿನ ಬಲ್ಬು ಬದಲಾಗುವುದಿಲ್ಲ. ಎ ಕಂಪನಿಯ ಬಲ್ಬು, ಬಿ ಕಂಪನಿಯ ಬಲ್ಬು, ಯಾವುದರ ಬಾಳಿಕೆ ಹೆಚ್ಚು ಸ್ಥಿರ? ಎ ಎಂಬ ಬ್ಯಾಟ್ಸ್‌ಮನ್, ಬಿ ಎಂಬ ಬ್ಯಾಟ್ಸ್‌ಮನ್, ಯಾರನ್ನು ನಂಬಬಹುದು? ಚೀಲದಲ್ಲಿ ಕೆಂಪು ಚೆಂಡು, ಕಪ್ಪು ಚೆಂಡು. ಆ ಚೀಲವನ್ನಾಗಲಿ ಚೆಂಡನ್ನಾಗಲಿ ಸೊರಬದಲ್ಲಿ ಕಂಡವರಿಲ್ಲ.

ಅತ್ತ ಅದೇ ವಿದ್ಯಾರ್ಥಿಯ ಅಪ್ಪ ಅಡಿಕೆ ಮಂಡಿಯಲ್ಲಿ ಕೂತಿದ್ದಾನೆ. ಎಪಿಎಂಸಿ ಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಬಗೆಗೆ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ. ಮಾದರಿ ದರವೆಂದರೆ ಅತಿ ಹೆಚ್ಚು ಮಾಲು ಮಾರಾಟವಾದ ದರ. ಮಗ ಮೂರು ಸಲ ಓದಿ ಮೂರು ಸಲ ಮರೆತ ಬಹುಲಕ ಅದೇ. ಅಪ್ಪ ಪೇಪರಿನಲ್ಲಿ ಗರಿಷ್ಠ ನೋಡಿ ಬೀಗುತ್ತಾನೆ, ಕನಿಷ್ಠ ನೋಡಿ ಸರ್ಕಾರವನ್ನು ಬೈಯುತ್ತಾನೆ, ತನಗೆ ಸಿಗುವುದು ಮಾದರಿಯ ಆಚೀಚೆ ಎಂದು ತಿಳಿದೇ ಸಾಲದ ಕಂತು ಲೆಕ್ಕ ಹಾಕುತ್ತಾನೆ. ಸರಕಿಗೂ ಗೊರಬಲಿಗೂ ದರದಲ್ಲಿ ಅಜಗಜಾಂತರ. ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿದರೆ ಬರುವ ದರಕ್ಕೆ ಯಾವ ಅಡಿಕೆಯೂ ಸಿಗದೆಂಬುದು ಅವನಿಗೆ ಗೊತ್ತು. ಮಗನಿಗೆ ಪರೀಕ್ಷೆಯಲ್ಲಿ ಅದೇ ಭಾಗಾಕಾರಕ್ಕೆ ಪೂರ್ತಿ ಮಾರ್ಕ್ಸ್.

ವ್ಯಾಪಾರಿ ಬರುತ್ತಾನೆ. ಗೋಣಿಚೀಲದೊಳಗೆ ಕೈ ಹಾಕಿ ಒಂದು ಹಿಡಿ ಅಡಿಕೆ ತೆಗೆಯುತ್ತಾನೆ, ಒಂದೆರಡು ಒಡೆದು ನೋಡುತ್ತಾನೆ, ಇಡೀ ರಾಶಿಗೆ ಬೆಲೆ ಹೇಳುತ್ತಾನೆ. ಚೀಲದ ಮೇಲ್ಗಡೆ ಒಳ್ಳೆಯ ಅಡಿಕೆ ಹಾಕಿರುವವರೂ ಇದ್ದಾರೆಂದು ಬಲ್ಲವನು ತಳದಿಂದಲೂ ಒಂದು ಹಿಡಿ ತೆಗೆಯುತ್ತಾನೆ. ಇಷ್ಟು ಸಣ್ಣ ಹಿಡಿಯನ್ನು ನಂಬಿ ಅಷ್ಟು ದೊಡ್ಡ ರಾಶಿಯ ಬಗ್ಗೆ ಎಷ್ಟು ಧೈರ್ಯವಾಗಿ ಮಾತಾಡಬಹುದು? ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯ ನೌಕರ ವಿಲಿಯಂ ಗಾಸೆಟ್‌ನನ್ನು ಕಾಡಿದ್ದೂ ಇದೇ. ಅವನ ಕೈಯಲ್ಲಿದ್ದದ್ದು ಅಡಿಕೆಯ ಬದಲು ಬಾರ್ಲಿ, ಅಷ್ಟೇ ವ್ಯತ್ಯಾಸ. 1908ರಲ್ಲಿ ಅವನು ಉತ್ತರ ಪ್ರಕಟಿಸಿದ. ಕಂಪನಿ ಸ್ವಂತ ಹೆಸರು ಹಾಕಲು ಬಿಡದ್ದರಿಂದ ‘ಸ್ಟೂಡೆಂಟ್’ ಎಂದು ಸಹಿ ಮಾಡಿದ. ಟಿ-ಟೆಸ್ಟ್ ಬಂದದ್ದು ಹೀಗೆ. ಎರಡು ಸಲ ಕೋರ್ಸು ಮಾಡಿದವನಿಗೆ ಟಿ-ಟೇಬಲ್ ಯಾವ ಪುಟದಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಲು ಬರುತ್ತದೆ. ಮಂಡಿಯ ಹಿಡಿ ಅಡಿಕೆಗೂ ಅದಕ್ಕೂ ನೆಂಟಸ್ತಿಕೆ ಇದೆಯೆಂದರೆ ನಗುತ್ತಾನೆ.

ಫಲಿತಾಂಶದ ವಿಶ್ಲೇಷಣೆಗೆ ಬರೋಣ. ಮೊದಲ ಸಲ ಕಡಿಮೆ ತೆಗೆದವರು ಎರಡನೇ ಸಲ ಮೇಲೇರುತ್ತಾರೆ, ಮೊದಲ ಸಲ ತೊಂಬತ್ತರ ಮೇಲೆ ತೆಗೆದವರು ಒಂದಿಷ್ಟು ಇಳಿಯುತ್ತಾರೆ. ಏರಿಕೆಯ ಶ್ರೇಯಸ್ಸಿಗೆ ಸ್ಪರ್ಧಿಗಳು ಇಬ್ಬರು, ಟ್ಯೂಷನ್ ಮೇಷ್ಟರು ಮತ್ತು ಶಿಕಾರಿಪುರದ ಹುಚ್ಚರಾಯಸ್ವಾಮಿ. ಇಳಿಕೆಯ ಹೊಣೆ ಮಾತ್ರ ಅವಿರೋಧವಾಗಿ ಮೊಬೈಲಿನದು. ಆದರೆ 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಅಪ್ಪ-ಅಮ್ಮಂದಿರ ಮತ್ತು ಮಕ್ಕಳ ಎತ್ತರ ಹೋಲಿಸಿ ಹೇಳಿದ್ದೇನೆಂದರೆ, ತೀರಾ ಉದ್ದದವರ ಮಕ್ಕಳು ಒಟ್ಟಾರೆ ಅವರಷ್ಟು ಉದ್ದವಿರುವುದಿಲ್ಲ, ತೀರಾ ಗಿಡ್ಡದವರ ಮಕ್ಕಳು ಅವರಷ್ಟು ಗಿಡ್ಡವಿರುವುದಿಲ್ಲ. ಎರಡೂ ಕಡೆಯವರು ನಡುವಿಗೆ ಸರಿಯುತ್ತಾರೆ. ಮಾರ್ಕ್ಸಿನಲ್ಲೂ ಅದೃಷ್ಟದ ಪಾಲಿರುವುದರಿಂದ ಅದೇ ಆಗುತ್ತದೆ. ಮೇಷ್ಟರೋ ಸ್ವಾಮಿಯೋ ಎಂದು ತೀರ್ಮಾನಿಸಲು ಟ್ಯೂಷನ್ನಿಗೆ ಹೋಗದ, ಹರಕೆಯನ್ನೂ ಹೊರದ ಒಂದು ಗುಂಪು ಬೇಕಿತ್ತು. ಹೋಲಿಕೆಗೆ ಬೇಕಾದ ಅಂಥ ಗುಂಪು ಈ ತಾಲ್ಲೂಕುಗಳಲ್ಲಿ ಪ್ರಬಂಧಕಾರನಿಗೆ ದೊರಕಲಿಲ್ಲ.

ಎರಡನೇ ಸಲ ಕೂತವರು ಎಷ್ಟು ಮಂದಿ? ಇದನ್ನು ತಿಳಿಯಲು ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದತ್ತ ನೋಡಬೇಕು. ಕೆರೆಯ ಹಕ್ಕಿಗಳನ್ನೆಲ್ಲ ಎಣಿಸುವುದು ಆಗದ ಕೆಲಸ. ಡೆನ್ಮಾರ್ಕಿನ ಪೀಟರ್ಸನ್ ಮೀನಿಗೆ, ಅಮೆರಿಕದ ಲಿಂಕನ್ ಬಾತುಕೋಳಿಗೆ ಬಳಸಿದ ಉಪಾಯ ಹೀಗಿದೆ: 100 ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡಿ; ಆಮೇಲೆ ಇನ್ನೊಮ್ಮೆ 100 ಹಿಡಿಯಿರಿ; ಅದರಲ್ಲಿ 20ಕ್ಕೆ ಉಂಗುರವಿದ್ದರೆ ಒಟ್ಟು ಹಕ್ಕಿ ಸುಮಾರು 500. ಉಂಗುರದ ಹಕ್ಕಿ ಕಡಿಮೆ ಸಿಕ್ಕಷ್ಟೂ ಒಟ್ಟು ಲೆಕ್ಕ ಹೆಚ್ಚು. ಪ್ರಬಂಧಕಾರನು ಈ ಉಪಾಯವನ್ನು ತರಗತಿಗೆ ಅನ್ವಯಿಸಿ, ಇದನ್ನು ಮೊದಲೇ ಓದಿದವರು ಕೈ ಎತ್ತಿರೆಂದು ಕೇಳಿದ. ಒಂದು ಕೈಯೂ ಏಳಲಿಲ್ಲ. ಎತ್ತಿದವನನ್ನು ಬೋರ್ಡಿಗೆ ಕರೆಯುತ್ತಾರೆಂಬುದನ್ನಷ್ಟೇ ಅವರು ಮೊದಲ ಕೋರ್ಸಿನಿಂದ ನೆನಪಿಟ್ಟುಕೊಂಡಿದ್ದರು. ಸೂತ್ರದ ಭಾಜಕ ಸೊನ್ನೆಯಾಯಿತು. ಆದ್ದರಿಂದ ಶಿಕಾರಿಪುರ-ಸೊರಬ ಸೀಮೆಯ ಸಂಖ್ಯಾಶಾಸ್ತ್ರ ವಿದ್ಯಾರ್ಥಿಗಳ ಸಂಖ್ಯೆ ಅನಂತವೆಂದು ಸಾಧಿಸಲಾಗಿದೆ. ಸಂಬಂಧಪಟ್ಟ ಇಲಾಖೆ ಇದನ್ನು ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳಬಹುದು.

ಕೊನೆಯದಾಗಿ ಎರಡು ತರಗತಿಗಳ ತೌಲನಿಕ ಅಧ್ಯಯನ. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ಗಣಿತದಲ್ಲಿ ಒಂದು ಸ್ನಾತಕೋತ್ತರ ಪದವಿ ಮುಗಿಸಿ, ಸಂಖ್ಯಾಶಾಸ್ತ್ರದಲ್ಲಿ ಇನ್ನೊಂದು ಪಡೆದವರು. ಎರಡನೇ ಸಲದವರ ಕುಲದೇವರೆಂದರೂ ನಡೆದೀತು. 1944ರ ಹೊತ್ತಿಗೆ ಕೋಲ್ಕತ್ತದಲ್ಲಿ ಅವರು ಪಾಠ ಹೇಳುತ್ತಿದ್ದಾಗ ವಿ.ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಎದ್ದು, ನೀವು ಹೇಳಿದ್ದು ದೊಡ್ಡ ಸ್ಯಾಂಪಲ್ಲಿನ ಮಾತಾಯಿತು, ಸಣ್ಣದಕ್ಕೆ ಏನು ಗತಿ ಎಂದು ಕೇಳಿದರಂತೆ. ರಾವ್ ಮನೆಗೆ ಹೋಗಿ ರಾತ್ರಿ ಕೂತು ಉತ್ತರ ಕಂಡುಹಿಡಿದರು. ಒಂದು ಕಡೆ ವಾಲದ ಅಂದಾಜು ಎಷ್ಟೇ ಜಾಣತನದ್ದಾದರೂ ಅದರ ಏರುಪೇರು ಇಷ್ಟಕ್ಕಿಂತ ಕೆಳಗಿಳಿಯದೆಂಬ ಆ ಗಡಿ 1945ರಲ್ಲಿ ಅಚ್ಚಾಗಿ, ಕ್ರೇಮರ್-ರಾವ್ ಎಂಬ ಹೆಸರಿನಲ್ಲಿ ಲೋಕದ ಪುಸ್ತಕಗಳನ್ನೆಲ್ಲ ಸೇರಿತು.

ಈ ಸೀಮೆಯ ತರಗತಿಯೊಂದರಲ್ಲಿ, ಎರಡನೇ ಸಲದ ಮೊದಲ ಪಾಠದ ಹೊತ್ತಿನಲ್ಲಿ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾರ್, ಅಪ್ಪನ ಜೊತೆ ಮಂಡಿಗೆ ಹೋಗಿದ್ದೆ. ಒಂದು ಹಿಡಿ ನೋಡಿ ಇಡೀ ಚೀಲಕ್ಕೆ ರೇಟ್ ಹೇಳಿದ್ರು. ಎಷ್ಟು ಹಿಡಿ ನೋಡಿದ್ರೆ ಸರಿ ಆಗುತ್ತೆ ಸಾರ್?”

ಮೇಷ್ಟರು ಸಿಲೆಬಸ್ ಹಾಳೆ ತೆಗೆದು, ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದರು.

“ಅದು ನಾಲ್ಕನೇ ಯೂನಿಟ್ಟಮ್ಮ. ನಾಲ್ಕನೇ ಯೂನಿಟ್ ಚಾಯ್ಸಿಗೆ ಬಿಡಿ.”