ತ್ರಿತಾಲ್ಲೂಕು ವಾಹನವರ್ಣಮಾರ್ಜನ ಕಾಲನಿರ್ಣಯ: ಒಂದು ಬಹುಶಿಸ್ತೀಯ ಅಧ್ಯಯನ

1. ಪೀಠಿಕೆ

ಕಾರಿನ ಬಣ್ಣಕ್ಕೆ ಎಷ್ಟು ದಿನಕ್ಕೊಮ್ಮೆ ಪಾಲಿಶ್ ಮಾಡಬೇಕು ಎಂಬ ಪ್ರಶ್ನೆಯೊಂದಿಗೆ ಕನ್ನಡದ ಸಂಶೋಧನಾ ಲೋಕ ಈವರೆಗೆ ಸರಿಯಾಗಿ ಮುಖಾಮುಖಿಯಾಗಿಲ್ಲ. ಮುಖಾಮುಖಿಯಾದವರೂ ಅನುಸಂಧಾನ ನಡೆಸಿಲ್ಲ. ಅನುಸಂಧಾನ ನಡೆಸಿದವರೂ ಅದನ್ನು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪರಿಪ್ರೇಕ್ಷ್ಯದಲ್ಲಿ ಒಡೆದು ಕಟ್ಟಿಲ್ಲ. ಈ ಕಂದರವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಅಷ್ಟೇನೂ ಘನವಲ್ಲದ ಇನ್ನೊಂದು ಉದ್ದೇಶವೂ ಉಂಟು. 2010ರಲ್ಲಿ ಯುಜಿಸಿ ಅಂಕದ ಲೆಕ್ಕ ತಂದ ಮೇಲೆ ಕಾಲೇಜು ಮೇಷ್ಟ್ರು ಪಾಠ ಮಾಡಿದರಷ್ಟೇ ಸಾಲದಾಯಿತು. ಪ್ರಬಂಧ ಮಂಡಿಸಿ ಅಂಕ ಗುಡ್ಡೆ ಹಾಕಬೇಕಾಯಿತು. ನಾನೊಬ್ಬ ಮೇಷ್ಟ್ರು. ನನ್ನ ಹತ್ತಿರ ಹನ್ನೆರಡು ವರ್ಷದ ಬಿಳಿ ಕಾರೊಂದಿದೆ. ಜಗತ್ತಿನ ಎಷ್ಟೋ ಪ್ರಬಂಧಗಳು ಇದಕ್ಕಿಂತ ಕಡಿಮೆ ಆಕರದ ಮೇಲೆ ನಿಂತಿವೆ.

ಅಧ್ಯಯನದ ವ್ಯಾಪ್ತಿ: ಕೆಎ-10 ಫಲಕ ಹೊತ್ತ ವಾಹನಗಳು. ಅಧ್ಯಯನದ ಮಿತಿ: ಪ್ರಬಂಧಕಾರನ ಪೆಟ್ರೋಲ್ ಖರ್ಚು.

2. ಪರಿಭಾಷಾ ನಿರ್ವಚನ

‘ಪಾಲಿಶ್’ ಎಂಬ ಪದವನ್ನು ಹಾಗೆಯೇ ಬಳಸಿದರೆ ಎಲ್ಲರಿಗೂ ಅರ್ಥವಾಗಿಬಿಡುವ ಅಪಾಯವಿದೆ. ಆದ್ದರಿಂದ ಇಲ್ಲಿ ‘ಬಾಹ್ಯವರ್ಣಪ್ರಭಾ ಪುನರುಜ್ಜೀವನ’ (ಇನ್ನು ಮುಂದೆ ಬಾ.ವ.ಪ್ರ.ಪು.) ಎಂಬ ಪರಿಕಲ್ಪನೆಯನ್ನು ಪ್ರಸ್ತಾಪಿಸಲಾಗಿದೆ. ಕಾರಿನ ಮೇಲೆ ಕೂತ ಧೂಳನ್ನು ‘ರಜೋವಲಯ’ ಎಂದೂ, ಒರೆಸುವ ಬಟ್ಟೆಯನ್ನು ‘ಘರ್ಷಣಾ ಮಾಧ್ಯಮ’ ಎಂದೂ, ಒರೆಸುವ ಹುಡುಗನನ್ನು ‘ಕ್ರಿಯಾಕರ್ತೃ’ ಎಂದೂ ಕರೆಯಲಾಗಿದೆ. ಕೊಳ್ಳೇಗಾಲದ ಗ್ಯಾರೇಜಿನವರು ಘರ್ಷಣಾ ಮಾಧ್ಯಮಕ್ಕೆ ಬನಿಯನ್ ವೇಸ್ಟ್ ಎನ್ನುತ್ತಾರೆ. ಅವರಿಗೆ ಸೈದ್ಧಾಂತಿಕ ತರಬೇತಿ ಇಲ್ಲ. ಕ್ರಿಯಾಕರ್ತೃವಿಗೆ ಅವರು ‘ಲೇ’ ಎನ್ನುತ್ತಾರೆ.

3. ಕಾಲವಿಭಾಗ

ವಿದ್ವತ್ ಪರಂಪರೆಯಂತೆ ಯುಗಗಳನ್ನು ಮೊದಲು ವಿಂಗಡಿಸಿಕೊಳ್ಳೋಣ. 1956ರ ನವೆಂಬರ್ 1ರವರೆಗಿನದು ಮದರಾಸು ಯುಗ. ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಪಕ್ಕದ ಯಳಂದೂರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಮೈಸೂರಿನ ನೆಲ. ಎಂದರೆ, ಕೊಳ್ಳೇಗಾಲದಿಂದ ಹೊರಟ ಗಾಡಿ ಬ್ರಿಟಿಷರ ಧೂಳನ್ನು ಹೊತ್ತು ಮಹಾರಾಜರ ಧೂಳಿಗೆ ಇಳಿಯುತ್ತಿತ್ತು. ಎರಡನೆಯದು 1997ರವರೆಗಿನ ಮೈಸೂರು ಜಿಲ್ಲಾ ಯುಗ. ಮೂರನೆಯದು ಚಾಮರಾಜನಗರ ಯುಗ; ಕೊಳ್ಳೇಗಾಲದ ಮಗ್ಗುಲಿಂದ ಹನೂರು ಎದ್ದು ಬೇರೆ ತಾಲ್ಲೂಕಾದದ್ದು ಈ ಯುಗದ ಒಳವಿಭಾಗ. ಸರ್ಕಾರ ಬದಲಾಯಿತು, ಜಿಲ್ಲೆ ಬದಲಾಯಿತು, ತಾಲ್ಲೂಕು ಕಚೇರಿಯ ಬೋರ್ಡು ಬದಲಾಯಿತು. ಧೂಳಿನ ಗುಣದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ.

4. ರಜೋವಲಯದ ನವವಿಧ ವರ್ಗೀಕರಣ

(ಅ) ಶಿಲಾಜನ್ಯ. ಚಾಮರಾಜನಗರ, ಯಳಂದೂರು ಕಡೆಯ ಕರಿಕಲ್ಲು ಹೊರದೇಶಗಳಿಗೆ ಹೋಗಿ ಮುಖ ಕಾಣುವಷ್ಟು ನುಣುಪಾಗುತ್ತದೆ. ಕಲ್ಲು ಅಲ್ಲಿಗೆ ಹೋಗುತ್ತದೆ, ಕಲ್ಲಿನ ಪುಡಿ ನಮ್ಮ ಬಾನೆಟ್ಟಿಗೆ ಉಳಿಯುತ್ತದೆ. ಈ ಪುಡಿಯ ಮೇಲೆ ಒಣಬಟ್ಟೆ ಆಡಿಸುವುದಕ್ಕೂ ಉಪ್ಪುಕಾಗದ ಹಿಡಿದು ಉಜ್ಜುವುದಕ್ಕೂ ಭೇದವಿಲ್ಲ.

(ಆ) ಇಕ್ಷುಜನ್ಯ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡವರಿಗೆ ವಿವರಣೆ ಬೇಡ. ಮುಂದೆ ಹೋಗೋಣವೆಂದು ಪಕ್ಕಕ್ಕೆ ಎಳೆದರೆ ತೂಗಾಡುವ ಸೋಗೆ ಬಾಗಿಲ ಉದ್ದಕ್ಕೂ ಸಹಿ ಹಾಕುತ್ತದೆ.

(ಇ) ಭಕ್ತಿಜನ್ಯ. ಆಯುಧಪೂಜೆಯ ದಿನ ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ, ನಡುವೆ ಅರಿಶಿನ, ಅದರ ಮೇಲೆ ಕುಂಕುಮ. ತೊಳೆದರೆ ಅಪಚಾರ ಎಂದು ಮನೆಯವರು ಹದಿನೈದು ದಿನ ತಡೆದರೆ, ಆ ಪಟ್ಟೆ ಬಣ್ಣದೊಳಕ್ಕೆ ಇಳಿಯುತ್ತದೆ. ನನ್ನ ಬಿಳಿ ಕಾರು ಮುಂದಿನ ಆಯುಧಪೂಜೆಗೆ ಹಿಂದಿನದರ ಅರಿಶಿನ ಹಚ್ಚಿಕೊಂಡೇ ಬರುತ್ತದೆ.

(ಈ) ವಾನರಜನ್ಯ. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾರು ನಿಲ್ಲಿಸಿ ದೇವರ ದರ್ಶನ ಮುಗಿಸಿ ಬಂದು ನೋಡಿ.

(ಉ)ಯಿಂದ (ಏ)ವರೆಗೆ ಇನ್ನೂ ಐದಿರಬೇಕು. ಭಕ್ತಿಯಂತೆ ಇದೂ ಒಂಬತ್ತು ಬಗೆಯಿದ್ದರೆ ಕೇಳಲು ಚೆನ್ನಾಗಿರುತ್ತದೆ ಎಂದು ಶುರು ಮಾಡಿದೆ. ನಾಲ್ಕಕ್ಕೇ ಬೇಸರ ಬಂತು. ಒಂದನ್ನು ಕಾಗೆಯೆಂದು ಇಟ್ಟುಕೊಳ್ಳಿ. ಉಳಿದ ನಾಲ್ಕೂ ಕಾಗೆಯೇ.

5. ತೌಲನಿಕ ಮೀಮಾಂಸೆ

ಈ ಸೀಮೆಗೆ ಪಾಲಿಶ್ ಹೊಸದಲ್ಲ. ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟು ಮುದುರಿದ ಮೇಲೆ ರೋಲ್‌ಪ್ರೆಸ್ಸಿಗೆ ಹೋಗುತ್ತದೆ. ಆದರೆ ಮನೆಯ ಹಿರಿಯಮ್ಮಂದಿರು ಅದನ್ನು ಉಟ್ಟಾಗಲೆಲ್ಲ ಕಳಿಸುವುದಿಲ್ಲ. ಪದೇ ಪದೇ ಕಳಿಸಿದರೆ ನೂಲು ಸೊರಗುತ್ತದೆಂದು ಅವರಿಗೆ ಗೊತ್ತು. ಅಕ್ಕಿಯ ವಿಷಯ ಇನ್ನೂ ಸ್ಪಷ್ಟ. ಮಿಲ್ಲಿನವರು ಪಾಲಿಶ್ ಹೆಚ್ಚು ಕೊಟ್ಟಷ್ಟೂ ಅಕ್ಕಿ ಬೆಳ್ಳಗಾಗುತ್ತದೆ, ಸತ್ತ್ವವೆಲ್ಲ ತೌಡಿಗೆ ಹೋಗುತ್ತದೆ. ನಾವು ಬಿಳಿ ತಿಂದು ಡಾಕ್ಟರ ಹತ್ತಿರ ಹೋಗುತ್ತೇವೆ. ದನ ತೌಡು ತಿಂದು ಗಟ್ಟಿಯಾಗಿರುತ್ತದೆ.

ದೈವಿಕ ಆಕರಗಳನ್ನು ನೋಡೋಣ. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ವಾಹನ ಹುಲಿ. ಅದರ ಪಟ್ಟೆ ಮಾಸಿದ ಉಲ್ಲೇಖ ಎಲ್ಲೂ ಇಲ್ಲವಾದ್ದರಿಂದ ಅದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಬಿಳಿಗಿರಿರಂಗನದು ಬೇರೆ ದಾರಿ. ಆತ ನಡೆದೇ ಕಾಡು ಸುತ್ತುತ್ತಾನೆಂಬುದು ನಂಬಿಕೆ. ಅದಕ್ಕೆಂದು ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಮೆಟ್ಟು ಹೊಲಿದು ಒಪ್ಪಿಸುತ್ತಾರೆ, ಹಳೆಯವು ಸವೆದಿರುತ್ತವಂತೆ. ಸವೆದ ಮೆಟ್ಟನ್ನು ಪಾಲಿಶ್ ಹಾಕಿ ಹೊಸದೆಂದು ತೋರಿಸುವ ಆಲೋಚನೆ ಅಲ್ಲಿ ಯಾರಿಗೂ ಬಂದಿಲ್ಲ. ದೇವರು ನಡೆದದ್ದಕ್ಕೆ ಸವೆತವೇ ಸಾಕ್ಷಿ.

ಇನ್ನು ವಿಜ್ಞಾನ. ಕಾರಿನ ಮೈಮೇಲಿನ ಬಣ್ಣ ಒಂದೇ ಪದರವಲ್ಲ. ತಗಡಿಗೆ ಅಂಟಿದಂತೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಈಗಿನ ಹೆಚ್ಚಿನ ಕಾರುಗಳಲ್ಲಿ ಈ ಮೇಲ್ಪದರದ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್; ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಕೂದಲಿಗಿಂತ ತೆಳುವಾದ ಆ ಪದರವೇ ಬಿಸಿಲಿಗೂ ಬಣ್ಣಕ್ಕೂ ನಡುವೆ ನಿಂತ ಕೊಡೆ. ಪಾಲಿಶ್ ಎಂಬುದು ಏನನ್ನೂ ಹಚ್ಚುವುದಿಲ್ಲ. ಅದರೊಳಗಿನ ನಯವಾದ ಪುಡಿ ಗೀರಿನ ಅಕ್ಕಪಕ್ಕದ ದಂಡೆಯನ್ನು ತೇಯ್ದು ಗೀರಿನ ತಳಕ್ಕೆ ಸಮ ಮಾಡುತ್ತದೆ. ಗೀರು ಹೋಗುವುದಿಲ್ಲ, ಗೀರಿನ ಮಟ್ಟಕ್ಕೆ ಕಾರೇ ಇಳಿಯುತ್ತದೆ. ಯಂತ್ರ ಹಿಡಿದು ಕಾಂಪೌಂಡ್ ಹಾಕಿ ತಿಕ್ಕಿದ ಪ್ರತಿ ಸಲವೂ ಒಂದೆರಡು ಮೈಕ್ರಾನ್ ಶಾಶ್ವತವಾಗಿ ಹೋಯಿತು. ಹಚ್ಚುವುದು ಮೇಣ, ತೆಗೆಯುವುದು ಪಾಲಿಶ್. ಎರಡನ್ನೂ ಒಂದೇ ಡಬ್ಬಿಯ ಹೆಸರಿನಲ್ಲಿ ಕರೆಯುವುದೇ ಈ ಕ್ಷೇತ್ರದ ಮೂಲಭೂತ ಗೊಂದಲ.

6. ಕ್ಷೇತ್ರಕಾರ್ಯ

ಕ್ಷೇತ್ರಕಾರ್ಯ ನಡೆದದ್ದು ಎರಡು ದಿನದ ಒಂದು ವಿಚಾರ ಸಂಕಿರಣದ ಹೊರಗೆ. ಯಾವ ಊರು, ಯಾವ ಕಾಲೇಜು ಎಂದು ಕೇಳಬೇಡಿ. ವಿಷಯ: ಕಾಡಂಚಿನ ಸಮುದಾಯಗಳ ಚಲನಶೀಲತೆ. ದಿಕ್ಸೂಚಿ ಭಾಷಣಕಾರರು ಹೊಸ ಕಾರಿನಲ್ಲಿ ಬಂದಿದ್ದರು. ಕಪ್ಪು ಬಣ್ಣ, ಕನ್ನಡಿಯ ಹೊಳಪು. ಮುಕ್ಕಾಲು ಗಂಟೆ ಮಾತಾಡಿದರು. ‘ಚಲನೆ ಎಂಬುದೇ ಒಂದು ಸಂಕಥನ’ ಎಂದರು. ‘ರಸ್ತೆ ಎಂಬುದು ಆಧುನಿಕತೆಯ ಹೇರಿಕೆ’ ಎಂದರು. ಆಮೇಲೆ ಪರದೆಯ ಮೇಲೆ ಒಂದು ಚಿತ್ರ ಬಂತು. ಬಿದಿರ ಗಳುವಿಗೆ ಕಂಬಳಿ ಕಟ್ಟಿದೆ, ಕಂಬಳಿಯೊಳಗೆ ಒಬ್ಬ ಹೆಂಗಸು ಮುದುರಿಕೊಂಡಿದ್ದಾಳೆ, ನಾಲ್ಕು ಜನ ಹೆಗಲು ಕೊಟ್ಟು ಕಲ್ಲುದಾರಿಯಲ್ಲಿ ಇಳಿಯುತ್ತಿದ್ದಾರೆ. ಚಿತ್ರದ ಕೆಳಗೆ ಬರೆದಿತ್ತು: ‘ದೇಸಿ ಸಾರಿಗೆಯ ಜ್ಞಾನಪರಂಪರೆ.’

ಸಭಿಕರು ಬರೆದುಕೊಂಡರು. ನಾನೂ ಬರೆದುಕೊಂಡೆ. ಅದೇ ನನಗೆ ಇವತ್ತಿಗೂ ಸಹಿಸಲಾಗದಿರುವುದು.

ಅದು ಪರಂಪರೆಯಲ್ಲ ಸ್ವಾಮಿ, ಡೋಲಿ. ಜೀಪು ಬರುವ ದಾರಿಯಿಲ್ಲದ್ದಕ್ಕೆ ಡೋಲಿ. ಹೊತ್ತವರಿಗೆ ಅದು ಜ್ಞಾನವಲ್ಲ, ಹೆಗಲು ನೋವು. ಒಳಗಿದ್ದವಳಿಗೆ ಅದು ಸಂಕಥನವಲ್ಲ, ಹೆರಿಗೆ ನೋವು. 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿರುವ ಹನೂರು ತಾಲ್ಲೂಕಿನ ಇಂಡಿಗನತ್ತದ ಜನ ಮತದಾನ ಬಹಿಷ್ಕರಿಸಿದರು. ಮನವೊಲಿಕೆ ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು. 29ಕ್ಕೆ ಮರುಮತದಾನ. ಊರಿನವರು ಕೇಳಿದ್ದು ರಸ್ತೆ, ನೀರು, ವಿದ್ಯುತ್ತು. ನಾಲ್ಕು ದಿನದೊಳಗೆ ಎರಡು ಸಲ ಊರಿಗೆ ಹೋದದ್ದು ಮತಯಂತ್ರ. ಯಂತ್ರ ಒಡೆದದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಆದರೆ ರಸ್ತೆ ಬೇಕು ಎಂದು ಅಷ್ಟು ಗಟ್ಟಿಯಾಗಿ ಹೇಳಿದವರ ಹೆಸರಿನಲ್ಲಿ, ತಂಪು ಹವೆಯ ಸಭಾಂಗಣದಲ್ಲಿ ನಿಂತು, ರಸ್ತೆ ಹೇರಿಕೆ ಎನ್ನಲು ನಾಲಗೆಗೆ ಎಷ್ಟು ಸಲ ಪಾಲಿಶ್ ಆಗಿರಬೇಕು?

ಊಟದ ಬಿಡುವಿನಲ್ಲಿ ಹೊರಗೆ ಬಂದೆ. ಭಾಷಣಕಾರರ ಕಾರಿನ ಚಾಲಕ ಒಣಬಟ್ಟೆಯಲ್ಲಿ ಬಾನೆಟ್ ಒರೆಸುತ್ತಿದ್ದ. ಬಿಸಿಲಿಗೆ ಓರೆಯಾಗಿ ನೋಡಿದರೆ ಆ ಕಪ್ಪಿನ ತುಂಬ ಜೇಡರಬಲೆಯಂಥ ಸುರುಳಿ ಗೀರುಗಳು. ‘ಒಣಬಟ್ಟೆ ಆಡಿಸಬೇಡಪ್ಪ, ಗೀರಾಗುತ್ತೆ’ ಎಂದೆ.

‘ಗೊತ್ತು ಸಾ. ಒರಸುದ್ರ ಗೀರಾಯ್ತದ. ಒರಸ್ದೇ ಇದ್ರ ಬೈತರ. ನಾ ಏನ್ ಮಾಡನಾ?’

ಯಾವ ಊರಪ್ಪ ಎಂದು ಕೇಳಿದೆ. ಹನೂರಿನಾಚೆಯ ಒಂದು ಹಳ್ಳಿ ಹೇಳಿದ. ಈ ಕಾರು ಅಲ್ಲಿಗೆ ಹೋಗಿದೆಯಾ ಎಂದರೆ ನಕ್ಕ.

‘ಅಲ್ಲಿಗ ಬರದಿಲ್ಲ ಬುಡಿ ಸಾ. ಅಡಿ ತಗಲ್ಬುಡ್ತದ.’

ಮುಕ್ಕಾಲು ಗಂಟೆಯ ಭಾಷಣಕ್ಕೆ ಇದಕ್ಕಿಂತ ಚೊಕ್ಕವಾದ ಪ್ರತಿಕ್ರಿಯೆ ಆ ಎರಡು ದಿನದಲ್ಲಿ ಯಾರೂ ಮಂಡಿಸಲಿಲ್ಲ. ಅವನಿಗೆ ಪ್ರಮಾಣಪತ್ರ ಕೊಡಲಿಲ್ಲ. ಊಟದ ಟೋಕನ್ನೂ ಇರಲಿಲ್ಲ.

7. ಸಿದ್ಧಾಂತ

ಮೇಲಿನ ಚರ್ಚೆಯಿಂದ ಹೊರಡುವ ಫಲಿತಗಳು ಹೀಗಿವೆ. ಹದಿನೈದು ದಿನಕ್ಕೊಮ್ಮೆ ಕಾರು ತೊಳೆಯಿರಿ. ಕಲ್ಲುಪುಡಿ ಹಾರುವ ದಾರಿಯಲ್ಲಿ ದಿನವೂ ಓಡಾಡುವವರು ವಾರಕ್ಕೊಮ್ಮೆ. ಮೊದಲು ಬರಿ ನೀರು ಹುಯ್ದು ಧೂಳು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಸೋಪಿನ ನೀರಿಗೊಂದು, ಬಟ್ಟೆ ಜಾಲಿಸಲೊಂದು, ಎರಡು ಬಕೆಟ್ ಇರಲಿ. ನೆರಳಿನಲ್ಲಿ ತೊಳೆಯಿರಿ. ಕಾಗೆಯ ಕೊಡುಗೆಯನ್ನು ಕೆರೆಯಬೇಡಿ. ಒದ್ದೆ ಬಟ್ಟೆ ಹೊದಿಸಿ ನೆನೆಸಿ, ಅದೇ ದಿನ ತೆಗೆಯಿರಿ. ಅರಿಶಿನವನ್ನು ಪೂಜೆಯ ಸಂಜೆಯೇ ತೊಳೆಯಿರಿ. ಮಾದಪ್ಪ ಬೇಜಾರು ಮಾಡಿಕೊಳ್ಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಮೇಣ ಹಚ್ಚಿ. ಪಾಲಿಶ್ ಹೆಚ್ಚೆಂದರೆ ವರ್ಷಕ್ಕೊಮ್ಮೆ, ಅದೂ ಬಣ್ಣ ಮಂಕಾಗಿದ್ದರೆ ಮಾತ್ರ. ಮಂಕಾಗಿಲ್ಲದಿದ್ದರೆ ಕೈ ಕಟ್ಟಿ ಕೂತಿರಿ. ಇಷ್ಟನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದಿತ್ತು. ಪೋಸ್ಟ್ ಕಾರ್ಡಿಗೆ ಅಂಕವಿಲ್ಲ.

ಈ ಪ್ರಬಂಧವನ್ನು ಸಂಕಿರಣದ ಸಂಪುಟಕ್ಕೆ ಕಳಿಸಿದ್ದೆ. ಸಂಪಾದಕರು ತುಂಬ ಮೆಚ್ಚಿಕೊಂಡರು. ಮೂರನೇ ಭಾಗದ ಕಾಲವಿಭಾಗ ಅಮೂಲ್ಯವಂತೆ, ನವವಿಧ ವರ್ಗೀಕರಣವನ್ನು ಪೂರ್ತಿ ಮಾಡಿದರೆ ಇನ್ನೂ ಒಳ್ಳೆಯದಂತೆ. ಆರನೇ ಭಾಗ ಮಾತ್ರ ಒರಟಾಯಿತಂತೆ. ‘ಅಲ್ಲಲ್ಲಿ ಸ್ವಲ್ಪ ಪಾಲಿಶ್ ಮಾಡಿಕೊಡಿ ಸಾರ್, ಹಾಕಿಕೊಳ್ಳುತ್ತೇವೆ’ ಎಂದು ಬರೆದಿದ್ದಾರೆ.

ವರ್ಷಕ್ಕೊಮ್ಮೆ ಸಾಕು ಸಾರ್. ಈ ವರ್ಷದ್ದು ಅವತ್ತು ನಿಮ್ಮ ಸಭಾಂಗಣದಲ್ಲಿ, ನಾನೂ ಕೂತು ಬರೆದುಕೊಂಡಾಗಲೇ ಆಗಿಹೋಗಿದೆ.